ಪರದೇಶದ ಮೋಟಾರು, ನಮ್ಮೂರಿನ ವಿದ್ಯುತ್ತು

ಮೋಟಾರು ವಾಹನಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಎಂಜಿನ್ನಿನ ಕಥೆಯನ್ನು ಹೇಳುತ್ತಾರೆ. ರಸ್ತೆಗಳ ಮತ್ತು ಸೇತುವೆಗಳ ಕಥೆಯನ್ನು ಹೇಳುವುದೂ ಉಂಟು. ಆದರೆ ಆ ವಾಹನದ ಮೈಯೊಳಗೆ ನರಗಳಂತೆ ಹರಿದಾಡುವ ತಂತಿಗಳ ಕಥೆ, ಅದರ ಕಿಡಿ, ದೀಪ, ಬ್ಯಾಟರಿ, ರೇಡಿಯೋಗಳ ಕಥೆ, ಹೆಚ್ಚಾಗಿ ಹೇಳದೆಯೇ ಉಳಿದುಬಿಡುತ್ತದೆ. ಪರದೇಶದಲ್ಲಿ ಹುಟ್ಟಿದ ವಾಹನವೊಂದು ಮತ್ತೊಂದು ದೇಶದಲ್ಲಿ ಬದುಕಬೇಕಾದಾಗ ಮೊದಲು ಕಾಯಿಲೆ ಬೀಳುವುದು ಅದರ ಈ ನರಮಂಡಲವೇ. ಕಬ್ಬಿಣದ ಎಂಜಿನ್ನಿಗೆ ದೇಶಭಾಷೆಗಳ ಭೇದವಿಲ್ಲ. ವಿದ್ಯುತ್ತಿಗೆ ಮಾತ್ರ ಮಳೆ, ಧೂಳು, ಕಾನೂನು, ತರಂಗಾಂತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಸೀಮೆಯಲ್ಲಿ ಈ ಒಗ್ಗಿಸುವ ಕೆಲಸ ನೂರು ವರ್ಷಗಳಿಗೂ ಮೀರಿ ನಡೆದುಬಂದಿದೆ. ಆ ಚರಿತ್ರೆಯನ್ನು ಸ್ಥೂಲವಾಗಿಯಾದರೂ ತಿಳಿದುಕೊಳ್ಳುವುದು ಇಂದಿನ ದಿನಕ್ಕೆ ಅಪ್ರಸ್ತುತವಲ್ಲ.

ಈ ಸೀಮೆಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. 1907ರಲ್ಲಿ ಮದರಾಸಿನ ಕಡೆಯ ರೈಲು ಮಂಗಳೂರಿಗೆ ಮುಟ್ಟಿತು, ಅಲ್ಲಿಗೇ ನಿಂತಿತು. ಬಂಟವಾಳದ ಮೂಲಕ ಹಾಸನದ ಕಡೆಗೆ ಘಟ್ಟ ಹತ್ತುವ ರೈಲು ದಾರಿ ಪೂರ್ತಿಯಾದದ್ದು 1979ರಲ್ಲಿ. ಮೂಡಬಿದಿರೆಗೂ ಬೆಳ್ತಂಗಡಿಗೂ ಇಂದಿಗೂ ರೈಲು ಬಂದಿಲ್ಲ. ಹೀಗಿರುವಲ್ಲಿ ಅಡಿಕೆಯ ಮೂಟೆ ಪೇಟೆಗೆ ಇಳಿಯಬೇಕಾದರೂ, ಹೆರಿಗೆಯ ಹೆಣ್ಣುಮಗಳು ಮಂಗಳೂರಿನ ಆಸ್ಪತ್ರೆ ಸೇರಬೇಕಾದರೂ, ಸಾವಿರ ಕಂಬದ ಬಸದಿಗೆ ಅಥವಾ ಧರ್ಮಸ್ಥಳಕ್ಕೆ ಯಾತ್ರಿಕರು ಬರಬೇಕಾದರೂ, ಎಲ್ಲಕ್ಕೂ ಮೋಟಾರೇ ಗತಿ. ದೀಪ ಕೆಟ್ಟ ಬಸ್ಸು ಎಂದರೆ ಇಲ್ಲಿ ಬರಿಯ ತೊಂದರೆಯಲ್ಲ. ಒಂದು ಊರಿಗೆ ಊರೇ ಆ ರಾತ್ರಿ ಲೋಕದಿಂದ ಕಡಿದುಹೋಗುವುದು ಎಂದರ್ಥ.

ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಹುಟ್ಟಿದ್ದು 1914ರಲ್ಲಿ. ಜನರ ಬಾಯಲ್ಲಿ ಅದು ಸಿ. ಪಿ. ಸಿ. ಆಯಿತು. ಇಂಡಿಯಾ ದೇಶದ ಮೊದಲ ಮೋಟಾರು ವಾಹನ ಶಾಸನವೂ ಅದೇ ವರ್ಷದ್ದು. ಆಗಿನ ವಾಹನಗಳೆಲ್ಲ ಹಡಗಿನಿಂದ ಇಳಿದವುಗಳೇ. ಅವುಗಳಲ್ಲಿ ಇಂದು ನಾವು ತಿಳಿದಿರುವ ಅರ್ಥದ ವಿದ್ಯುತ್ ವ್ಯವಸ್ಥೆ ಬಹಳ ಕಡಿಮೆ. ಎಂಜಿನ್ನಿಗೆ ಕಿಡಿ ಕೊಡುವುದಕ್ಕೆ ಮ್ಯಾಗ್ನೆಟೊ. ಮುಂದಿನ ದೀಪಕ್ಕೆ ಕಾರ್ಬೈಡಿನ ಗ್ಯಾಸು. ಪಕ್ಕದ ದೀಪಕ್ಕೆ ಎಣ್ಣೆ. ಹಾರ್ನಿಗೆ ರಬ್ಬರಿನ ಬುರುಡೆ. ಚಾಲೂ ಮಾಡುವುದಕ್ಕೆ ಕ್ಲೀನರನ ತೋಳು. ಕಾರ್ಬೈಡಿನ ದೀಪದ ಮೇಲಿನ ಅರೆಯಲ್ಲಿ ನೀರು, ಕೆಳಗಿನ ಅರೆಯಲ್ಲಿ ಕಾರ್ಬೈಡಿನ ಹರಳು. ನೀರು ತೊಟ್ಟಿಕ್ಕಿದಂತೆ ಅಸಿಟಲೀನ್ ಅನಿಲ ಹುಟ್ಟಿ ಬಿಳಿಯ ಬೆಳಕು ಉರಿಯುತ್ತಿತ್ತು. ಅದರ ಬೂದಿಯನ್ನು ದಿನವೂ ತೆಗೆಯಬೇಕು, ನೀರಿನ ತೂತನ್ನು ದಿನವೂ ಚುಚ್ಚಿ ಬಿಡಿಸಬೇಕು. ಕಷ್ಟವೇನೋ ಇತ್ತು, ಆದರೆ ಕಾರ್ಬೈಡಿನ ಡಬ್ಬಿ ಸಿಕ್ಕುವ ಯಾವ ಪೇಟೆಯಲ್ಲಿಯಾದರೂ ದೀಪಕ್ಕೆ ಬದುಕಿತ್ತು.

ಆ ಕಾಲದ ಟಿ ಮಾದರಿಯ ಫೋರ್ಡ್ ಗಾಡಿ ಪ್ರಪಂಚದ ಎಲ್ಲ ಕಡೆಗೂ ಹೋದಂತೆ ನಮ್ಮ ದೇಶಕ್ಕೂ ಬಂತು. ಅದು ಅಮೆರಿಕದ ಹೆಸರಿನದಾದರೂ ಇಂಡಿಯಾಕ್ಕೆ ಬರುತ್ತಿದ್ದುದು ಕೆನಡಾದ ಫೋರ್ಡ್ ಕಂಪೆನಿಯಿಂದ; ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗಾಗಿ ಅಲ್ಲಿಯೇ ಬಲಗಡೆಯ ಚಕ್ರವನ್ನು ಕೂಡಿಸಿ ಕಳುಹುತ್ತಿದ್ದರು. ಪರದೇಶಕ್ಕೆ ಒಗ್ಗಿಸುವ ಕೆಲಸದ ಮೊದಲ ಪಾಠ ಹೀಗೆ ತಯಾರಕನ ಮನೆಯಲ್ಲಿಯೇ ನಡೆದಿತ್ತು. ಆದರೆ ತಯಾರಕನಿಗೆ ಕಾಣದ ಸಂಗತಿಗಳೂ ಇದ್ದವು. 1915ರ ಮಾದರಿಯಿಂದ ಈ ಗಾಡಿಗೆ ವಿದ್ಯುದ್ದೀಪ ಬಂತಷ್ಟೆ. ಅದಕ್ಕೆ ಬೇಕಾದ ವಿದ್ಯುತ್ತು ಎಂಜಿನ್ನಿನ ಮ್ಯಾಗ್ನೆಟೊದಿಂದಲೇ. ಎಂಜಿನ್ ಜೋರಾಗಿ ತಿರುಗಿದರೆ ದೀಪ ಪ್ರಖರ. ನಿಧಾನವಾದರೆ ದೀಪ ಮಂಕು. ಸಮತಟ್ಟಾದ ಹೆದ್ದಾರಿಯಲ್ಲಿ ಇದು ಸಹ್ಯ. ಬೆಳ್ತಂಗಡಿಯಿಂದ ಆಚೆ ಚಾರ್ಮಾಡಿ ಘಾಟಿಯ ಇಳಿತದ ತಿರುವಿನಲ್ಲಿ ಚಾಲಕನು ಎಂಜಿನ್ನಿನ ವೇಗವನ್ನು ತಗ್ಗಿಸಿದೊಡನೆ, ಅಂದರೆ ಬೆಳಕು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ, ದೀಪ ಕೆಂಪಾಗಿ ಕುಗ್ಗಿದರೆ ಗತಿಯೇನು? ಇಂಥ ಗಾಡಿಗಳಿಗೆ ಎಣ್ಣೆಯ ದೀಪವನ್ನು ತೆಗೆಯದೆ ಉಳಿಸಿಕೊಂಡವನೇ ಜಾಣ. ಹೊಸದನ್ನು ಸ್ವೀಕರಿಸುವಾಗ ಹಳೆಯದನ್ನು ಎಲ್ಲಿಯ ತನಕ ಇಟ್ಟುಕೊಳ್ಳಬೇಕೆಂಬುದೂ ಒಗ್ಗಿಸುವ ವಿದ್ಯೆಯ ಒಂದು ಭಾಗ.

ಎರಡನೆಯ ಪಾಠ ಮಳೆಯದು. ಕರಾವಳಿಯಿಂದ ಘಟ್ಟದ ಬುಡದವರೆಗಿನ ಈ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಹತ್ತಿಯ ನೇಯ್ಗೆ ಹೊದಿಸಿದ ರಬ್ಬರು ತಂತಿ ಆ ಕಾಲದ ವಾಹನಗಳಲ್ಲಿ ಸಾಮಾನ್ಯ. ಹತ್ತಿ ನೀರನ್ನು ಹೀರಿತೆಂದರೆ ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿಗೆ ಹೋಗದೆ ತೇವದ ದಾರಿ ಹಿಡಿದು ಎಂಜಿನ್ನಿನ ಮೈಗೆ ಹಾರಿಬಿಡುತ್ತದೆ. ಗಾಡಿ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ಗ್ಯಾರೇಜಿನವರು ಕಂಡುಕೊಂಡ ಮದ್ದು ಸುಲಭದ್ದು: ಹಳೆಯ ಟ್ಯೂಬನ್ನು ಕತ್ತರಿಸಿ ತೊಡಿಸಿದ ಟೊಪ್ಪಿ, ತಂತಿಗೆ ಮೇಣ, ಕೀಲುಗಳಿಗೆ ಗ್ರೀಸು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ಮಹಾನೆರೆ ಬಂಟವಾಳದ ಪೇಟೆಯನ್ನು ನುಗ್ಗಿತ್ತೆಂಬುದು ಈ ಭಾಗದ ಹಿರಿಯರು ಮರೆಯದ ಮಾತು. ನೀರು ಕುಡಿದ ಡೈನಮೊವನ್ನು ಒಣಗಿಸುವುದು ಸಹ ಒಂದು ಕ್ರಮದ ಕೆಲಸ. ಬಿಚ್ಚಿ, ಸಿಹಿನೀರಿನಿಂದ ಕೆಸರು ತೊಳೆದು, ಹದವಾದ ಶಾಖದಲ್ಲಿ ನಿಧಾನವಾಗಿ ಒಣಗಿಸಿ, ಸುರುಳಿಗಳಿಗೆ ಮತ್ತೆ ಅರಗಿನ ವಾರ್ನಿಷ್ ಕೊಡಬೇಕು. ಅವಸರಪಟ್ಟು ಓಡಿಸಿದರೆ ಸುರುಳಿ ಸುಟ್ಟೇ ಹೋಗುತ್ತದೆ.

1926ರಲ್ಲಿ ಫೋರ್ಡ್, 1928ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಗಳು ಮುಂಬಯಿಯಲ್ಲಿ ನೆಲೆಯೂರಿದ ಮೇಲೆ ವಾಹನಗಳು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದು ಈ ದೇಶದಲ್ಲಿ ಜೋಡಣೆಯಾಗತೊಡಗಿದವು. ಬಸ್ಸಿಗಾಗಿ ಬರುತ್ತಿದ್ದುದು ಬರಿಯ ಚಾಸಿ. ಮೈ ಕಟ್ಟುವ ಕೆಲಸ ಇಲ್ಲಿನ ಬಡಗಿಯದು, ಕಮ್ಮಾರನದು. ಇಲ್ಲಿ ಒಂದು ಸೂಕ್ಷ್ಮವುಂಟು. ಕಾರಿನಲ್ಲಿ ಪ್ರತಿ ದೀಪಕ್ಕೂ ಒಂದೇ ತಂತಿ ಸಾಕು. ವಿದ್ಯುತ್ತು ಹಿಂದಿರುಗಿ ಬರುವುದಕ್ಕೆ ಕಬ್ಬಿಣದ ಮೈಯೇ ದಾರಿ. ಗ್ಯಾರೇಜಿನ ಮಾತಿನಲ್ಲಿ ಇದನ್ನೇ ‘ಅರ್ತ್’ ಎನ್ನುವುದು. ಆದರೆ ಬಸ್ಸಿನ ಮೈ ಮರದ್ದು. ಮರದ ಮಾಡಿಗೆ ಹಾಕಿದ ದೀಪಕ್ಕೆ ಹಿಂದಿರುಗುವ ದಾರಿಯಿಲ್ಲ. ಆದುದರಿಂದ ಎರಡನೆಯ ತಂತಿಯೊಂದನ್ನು ಚಾಸಿಯವರೆಗೆ ಎಳೆದು ತಿರುಪಿನಿಂದ ಬಿಗಿಯಬೇಕು. ಕಂಪೆನಿಯ ಪುಸ್ತಕದ ನಕ್ಷೆಯಲ್ಲಿ ಈ ಎರಡನೆಯ ತಂತಿ ಇರಲಿಲ್ಲ. ಅದನ್ನು ಬರೆದದ್ದು ಇಲ್ಲಿನ ಕೈಗಳು.

ಕೈಯ ಜೊತೆಗೆ ನಾಲಿಗೆಯೂ ಕೆಲಸ ಮಾಡಿತು. ಇಂಗ್ಲಿಷಿನಲ್ಲಿ ಉದ್ದವಾಗಿದ್ದ ಚಾಲನಯಂತ್ರದ ಹೆಸರು ‘ಸೆಲ್ಫ್’ ಎಂದಷ್ಟೇ ಉಳಿಯಿತು. ಎಂಜಿನ್ ನಿಂತಾಗ ಬ್ಯಾಟರಿಯ ವಿದ್ಯುತ್ತು ಡೈನಮೊಗೆ ಹಿಂದಕ್ಕೆ ಹರಿಯದಂತೆ ತಡೆಯುವ ಸಾಧನ ‘ಕಟೌಟು’ ಆಯಿತು. ‘ಸೆಲ್ಫ್ ಹೊಡಿ’, ‘ಹ್ಯಾಂಡಲ್ ಹಾಕು’, ‘ಅರ್ತ್ ಸಿಗುವುದಿಲ್ಲ’, ‘ಬ್ಯಾಟರಿ ಇಳಿದಿದೆ’ ಎಂಬ ಮಾತುಗಳು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಕೊಂಕಣಿಯಲ್ಲಿಯೂ ಸಲೀಸಾಗಿ ಓಡಾಡಿದವು. ಓದು ಬಾರದ ಹುಡುಗನೊಬ್ಬನು ಮೇಸ್ತ್ರಿಯ ಬಳಿ ನಾಲ್ಕು ವರ್ಷ ಸ್ಪ್ಯಾನರು ಎತ್ತಿಕೊಟ್ಟು ವಿದ್ಯುತ್ತಿನ ಶಾಸ್ತ್ರವನ್ನು ಕಲಿತದ್ದು ಈ ಮಾತುಗಳ ಮೂಲಕವೇ. ಪರದೇಶದ ಯಂತ್ರವೊಂದು ನಮ್ಮದಾಗುವುದು ಅದರ ಭಾಗಗಳಿಗೆ ನಮ್ಮ ಬಾಯಲ್ಲಿ ಹೆಸರು ಸಿಕ್ಕ ದಿನ.

ಇನ್ನು ವೋಲ್ಟಿನ ವಿಚಾರ. ಅಮೆರಿಕದ ಕಾರುಗಳು 1950ರ ದಶಕದ ನಡುವಿನವರೆಗೂ ಹೆಚ್ಚಾಗಿ 6 ವೋಲ್ಟಿನವು. ಇದು ನಮ್ಮ ಹವೆಗೆ ಏಕೆ ಹಿಡಿಸಲಿಲ್ಲವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 36 ವಾಟಿನ ಒಂದು ದೀಪ 6 ವೋಲ್ಟಿನಲ್ಲಿ 6 ಆಂಪಿಯರನ್ನು ಎಳೆಯುತ್ತದೆ. 12 ವೋಲ್ಟಿನಲ್ಲಿ ಮೂರೇ ಆಂಪಿಯರ್. ಮಳೆಗೆ ತುಕ್ಕು ಹಿಡಿದ ಕೀಲೊಂದು ಓಮ್‌ನ ಹತ್ತನೆಯ ಒಂದು ಪಾಲಿನಷ್ಟು ಅಡ್ಡಿಯನ್ನು ಒಡ್ಡಿತೆನ್ನೋಣ. 6 ವೋಲ್ಟಿನ ಗಾಡಿಯಲ್ಲಿ ಅಲ್ಲಿಯೇ 0.6 ವೋಲ್ಟ್, ಅಂದರೆ ನೂರಕ್ಕೆ ಹತ್ತು ಪಾಲು, ಸೋರಿಹೋಗುತ್ತದೆ. 12 ವೋಲ್ಟಿನದರಲ್ಲಿ ಹೋಗುವುದು 0.3 ವೋಲ್ಟ್, ನೂರಕ್ಕೆ ಎರಡೂವರೆ ಮಾತ್ರ. ಒಂದೇ ತುಕ್ಕು ಒಂದು ಗಾಡಿಯ ಕಣ್ಣನ್ನು ಮಂಕು ಮಾಡುತ್ತದೆ, ಇನ್ನೊಂದರದನ್ನು ಅಷ್ಟಾಗಿ ಮಾಡುವುದಿಲ್ಲ. ಒಣ ಹವೆಯ ದೇಶದಲ್ಲಿ ಗೊತ್ತೇ ಆಗದಿದ್ದ ದೋಷ ಆಟಿ ತಿಂಗಳ ಮಳೆಯಲ್ಲಿ ಪ್ರಾಣಕ್ಕೆ ಬರುವುದು ಹೀಗೆ. ಆದುದರಿಂದ ಹಳೆಯ ಗಾಡಿಯನ್ನು 12 ವೋಲ್ಟಿಗೆ ತರುವುದು ಗ್ಯಾರೇಜುಗಳ ಪರಿಚಿತ ಕೆಲಸವಾಯಿತು. ಬಲ್ಬು, ಬ್ಯಾಟರಿ, ಡೈನಮೊ ಬದಲಾಗಬೇಕು. ಕಾಯಿಲಿಗೆ ಮುಂದೆ ಒಂದು ರೋಧಕ ಬೇಕು. ತಂತಿಗಳು ಮಾತ್ರ ಹಾಗೆಯೇ ಇರಬಹುದು. ಹೆಚ್ಚು ಆಂಪಿಯರಿಗೆಂದು ದಪ್ಪಗೆ ಎಳೆದ ತಂತಿ ಕಡಿಮೆ ಆಂಪಿಯರನ್ನು ಸುಖವಾಗಿಯೇ ಹೊರುತ್ತದೆ.

ಎರಡನೆಯ ಮಹಾಯುದ್ಧ ಇನ್ನೊಂದು ಪರೀಕ್ಷೆಯನ್ನು ತಂದಿತು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದ ಮೇಲೆ ದೇಶದ ಬಸ್ಸುಗಳು ಇದ್ದಿಲಿನ ಗ್ಯಾಸಿಗೆ ತಿರುಗಿದವು. ಬೆನ್ನಿಗೆ ಉರುಳೆಯೊಂದನ್ನು ಕಟ್ಟಿಕೊಂಡು ಹೊಗೆಯಾಡುತ್ತ ಓಡಿದ ಆ ಬಸ್ಸುಗಳ ನೆನಪು ಹಳಬರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಒಲೆಯಲ್ಲಿ ಅರೆಬರೆ ಉರಿದ ಇದ್ದಿಲು ಕಾರ್ಬನ್ ಮಾನಾಕ್ಸೈಡನ್ನು ಕೊಡುತ್ತದೆ. ಅದನ್ನು ತಣಿಸಿ, ಸೋಸಿ ಎಂಜಿನ್ನಿಗೆ ಕಳುಹಬೇಕು. ಎಂಜಿನ್ನಿನ ಶಕ್ತಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕುಗ್ಗಿಬಿಡುತ್ತದೆ. ಇಲ್ಲಿಯೂ ವಿದ್ಯುತ್ತಿನ ತಿದ್ದುಪಾಟು ಬೇಕಾಯಿತು. ಈ ಅನಿಲ ಪೆಟ್ರೋಲಿಗಿಂತ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಮೊದಲಿಗಿಂತ ತುಸು ಮುಂಚೆಯೇ ಕೊಡಬೇಕು. ಒಲೆಯನ್ನು ಹೊತ್ತಿಸುವಾಗ ಗಾಳಿಯೂದಲು ಬ್ಯಾಟರಿಯ ಫ್ಯಾನೊಂದನ್ನು ಇಡುವುದೂ ಉಂಟು. ಎಂಜಿನ್ ಚಾಲೂ ಆಗುವ ಮುಂಚೆಯೇ ಬ್ಯಾಟರಿಯ ಅರ್ಧ ಜೀವ ಅದಕ್ಕೇ ಹೋಗುತ್ತಿತ್ತು. ಕಿಡಿಯ ಹೊತ್ತನ್ನು ಕಿವಿಯಿಂದ ಅಳೆದು ತಿದ್ದಬಲ್ಲ ಮೇಸ್ತ್ರಿಗೆ ಆ ಐದಾರು ವರ್ಷಗಳಲ್ಲಿ ಬಂದ ಗೌರವ ಡಾಕ್ಟರರಿಗೆ ಬರುವ ಗೌರವಕ್ಕೆ ಕಡಿಮೆಯದಲ್ಲ.

ಯುದ್ಧ ಮುಗಿದ ಮೇಲೆ ಸೈನ್ಯದ ಮಿಕ್ಕ ಜೀಪುಗಳು ಪೇಟೆಗೆ ಬಂದವು. 1947ರಿಂದ ಮಹೀಂದ್ರ ಕಂಪೆನಿ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. ತೋಟದ ಏರುದಾರಿಗೂ ಕೆಸರಿನ ಗದ್ದೆಬದಿಗೂ ಹೇಳಿಮಾಡಿಸಿದ ಗಾಡಿಯದು. ಅಮೆರಿಕದ ಸೈನ್ಯಕ್ಕಾಗಿ ಮಾಡಿದ ಜೀಪಿನ ಚಕ್ರ ಎಡಗಡೆಗೆ, ವಿದ್ಯುತ್ತು 6 ವೋಲ್ಟು. ಅಂಥ ಜೀಪಿನ ಬಾನೆಟ್ಟಿನ ಮೇಲೆ ನಂಬರಿನ ಕೊನೆಗೆ ‘ಎಸ್’ ಎಂಬ ಅಕ್ಷರವಿದ್ದರೆ, ಅದರ ಕಿಡಿಯ ಗದ್ದಲ ರೇಡಿಯೋಗೆ ತಾಗದಂತೆ ಕಂಡೆನ್ಸರು, ಜಾಲರಿಗಳಿಂದ ಕಟ್ಟುಮಾಡಲಾಗಿದೆ ಎಂದರ್ಥ. ಎಡಗೈ ಚಕ್ರದ ಗಾಡಿಯವನು ಎಡಬದಿಯ ಸಂಚಾರದಲ್ಲಿ ಬಲಕ್ಕೆ ಕೈ ತೋರಿಸುವುದು ಹೇಗೆ? ನಮ್ಮ ಕಾನೂನು ಇದಕ್ಕೆ ಕೊಟ್ಟ ಉತ್ತರವೂ ವಿದ್ಯುತ್ತಿನದೇ. 1988ರ ಮೋಟಾರು ವಾಹನ ಕಾಯಿದೆಯ 120ನೆಯ ಪ್ರಕರಣದಂತೆ, ಗೊತ್ತುಪಡಿಸಿದ ಯಾಂತ್ರಿಕ ಅಥವಾ ವಿದ್ಯುತ್ ಸಂಕೇತಸಾಧನ ಸುಸ್ಥಿತಿಯಲ್ಲಿಲ್ಲದೆ ಎಡಗೈ ಚಕ್ರದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ಒಂದು ಸಣ್ಣ ಮಿಣುಕುದೀಪ ಚಾಲಕನ ತೋಳಿಗೆ ಬದಲಾಗಿ ನಿಂತಿದೆ.

1954ರ ಹೊತ್ತಿಗೆ ಮುಂಬಯಿಯ ಎರಡೂ ಅಮೆರಿಕನ್ ಕಂಪೆನಿಗಳು ಬಾಗಿಲು ಮುಚ್ಚಿದವು. ಆಮದು ಬಿಗಿಯಾಯಿತು. ಆಮೇಲೆ ಹಳೆಯ ಪರದೇಶಿ ಗಾಡಿಗೆ ಬಿಡಿಭಾಗ ಎಲ್ಲಿಂದ? 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು, 1960ರ ದಶಕದಲ್ಲಿ ಮದರಾಸಿನ ಲೂಕಾಸ್–ಟಿ. ವಿ. ಎಸ್. ತಯಾರಿಸತೊಡಗಿದ ಡೈನಮೊ, ಸೆಲ್ಫ್‌ಗಳು ಆ ಕೊರತೆಯನ್ನು ತುಂಬಿದವು. ತುಂಬಿಸುವಾಗ ಧನ–ಋಣಗಳ ಜಗಳ ಎದುರಾಗುತ್ತಿತ್ತು. ಬ್ರಿಟಿಷ್ ಗಾಡಿಗಳಲ್ಲಿ ಬಹುಕಾಲ ಬ್ಯಾಟರಿಯ ಧನಾಗ್ರವನ್ನು ಮೈಗೆ ಕಟ್ಟುವ ಪದ್ಧತಿ. ಷವರ್ಲೆ ಗಾಡಿಗಳಲ್ಲಿ ಋಣಾಗ್ರವನ್ನು. ಬ್ಯಾಟರಿಯನ್ನು ತಲೆಕೆಳಗಾಗಿ ಕೂಡಿಸಿದರೆ ದೀಪ ಉರಿಯುತ್ತದೆ, ಸೆಲ್ಫೂ ತಿರುಗುತ್ತದೆ; ಆದರೆ ಡೈನಮೊದ ಕಾಂತವನ್ನು ಹೊಸ ದಿಕ್ಕಿಗೆ ತಿರುಗಿಸದಿದ್ದರೆ ಚಾರ್ಜು ಆಗುವುದಿಲ್ಲ, ಕಟೌಟು ಸುಡುತ್ತದೆ. ಟ್ರಾನ್ಸಿಸ್ಟರ್ ಬಂದ ಮೇಲಂತೂ ತಪ್ಪಿಗೆ ಕ್ಷಮೆಯೇ ಉಳಿಯಲಿಲ್ಲ. ದಿಕ್ಕು ತಪ್ಪಿದ ಒಂದು ಕ್ಷಣದಲ್ಲಿ ರೇಡಿಯೋ ಸತ್ತುಹೋಗುತ್ತದೆ.

ರೇಡಿಯೋದ ಮಾತು ಬಂದ ಮೇಲೆ ಈ ಪತ್ರಿಕೆಯ ಓದುಗರಿಗೆ ಹತ್ತಿರವಾದ ಸಂಗತಿಯನ್ನೇ ಹೇಳಬೇಕು. ಕಾರಿನಲ್ಲಿ ರೇಡಿಯೋ ಮಾರಾಟಕ್ಕೆ ಬಂದು ಹೆಸರಾದದ್ದು 1930ರಲ್ಲಿ, ಅಮೆರಿಕದ ಗಾಲ್ವಿನ್ ಸಹೋದರರ ಮೋಟೊರೋಲದಿಂದ. ವಾಲ್ವುಗಳಿಗೆ ಇನ್ನೂರು ವೋಲ್ಟಿನ ಆಸುಪಾಸಿನ ವಿದ್ಯುತ್ತು ಬೇಕು, ಬ್ಯಾಟರಿಯಲ್ಲಿರುವುದು ಆರು. ಈ ಕಂದಕವನ್ನು ದಾಟಿಸಿದ್ದು ‘ವೈಬ್ರೇಟರ್’ ಎಂಬ ಸಣ್ಣ ಡಬ್ಬಿ. ಅದರೊಳಗಿನ ಉಕ್ಕಿನ ನಾಲಿಗೆ ಸೆಕೆಂಡಿಗೆ ನೂರಕ್ಕೂ ಮೀರಿ ನಡುಗಿ ನೇರ ವಿದ್ಯುತ್ತನ್ನು ತುಂಡುತುಂಡು ಮಾಡುತ್ತದೆ. ಆ ತುಂಡುಗಳನ್ನು ಟ್ರಾನ್ಸ್‌ಫಾರ್ಮರ್ ಎತ್ತರಿಸುತ್ತದೆ. ಕಾರಿಗಾಗಿ ಹುಟ್ಟಿದ ಈ ಉಪಾಯವೇ ವಿದ್ಯುತ್ತಿಲ್ಲದ ಹಳ್ಳಿಯ ಮನೆಗೆ ರೇಡಿಯೋವನ್ನು ತಂದಿತು. ಮೋಟಾರಿನ ಬ್ಯಾಟರಿಯನ್ನು ಮನೆಯ ಮೂಲೆಯಲ್ಲಿಟ್ಟು ವೈಬ್ರೇಟರ್ ಸೆಟ್ಟನ್ನು ನುಡಿಸುವುದು, ಬ್ಯಾಟರಿ ಇಳಿದಾಗ ಪೇಟೆಗೆ ಹೊರಿಸಿ ಚಾರ್ಜು ಮಾಡಿಸುವುದು, ಹಿಂದಿನ ತಲೆಮಾರಿನ ಎಷ್ಟೋ ಮನೆಗಳ ವಾಡಿಕೆ. ವಾಹನದ ವಿದ್ಯುತ್ತು ವಾಹನದಿಂದ ಇಳಿದು ಜಗಲಿಯ ಮೇಲೆ ಕುಳಿತ ಕಥೆಯಿದು.

ಆದರೆ ಆಮದಾದ ರೇಡಿಯೋ ಏನನ್ನು ಹಿಡಿಯಬೇಕು? ಅಮೆರಿಕದ ಕಾರಿನ ರೇಡಿಯೋದಲ್ಲಿ ಮಧ್ಯಮ ತರಂಗ ಮಾತ್ರ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ್ದರು. ಮದರಾಸಿನ ನಿಲಯ 1938ರದು. ಧಾರವಾಡದ್ದು 1950, ಬೆಂಗಳೂರಿನದು 1955. ಘಟ್ಟದ ಕೆಳಗಿನ ನಮಗೆ ಇವೆಲ್ಲ ದೂರದವು. ಮಧ್ಯಮ ತರಂಗ ಹಗಲಿನಲ್ಲಿ ಮೇಲಿನ ವಾಯುಮಂಡಲದಲ್ಲಿ ಹೀರಿಹೋಗುತ್ತದೆ. ಕತ್ತಲಾದ ಮೇಲೆ ದೂರಕ್ಕೆ ಹಾರುತ್ತದೆ. 1976ರ ಡಿಸೆಂಬರಿನಲ್ಲಿ ಮಂಗಳೂರು ನಿಲಯ ಆರಂಭವಾದ ಮೇಲೆ ಹಗಲಿನ ಧ್ವನಿಯೂ ನಮ್ಮದಾಯಿತು. 1978ರ ನವೆಂಬರಿನಿಂದ ಜಿನೀವಾ ಒಪ್ಪಂದದಂತೆ ನಮ್ಮ ಮಧ್ಯಮ ತರಂಗದ ನಿಲಯಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ಸಾಲುಗೊಂಡವು. ಬ್ರಹ್ಮಾವರದ ಪ್ರೇಷಕದ 1089 ಒಂಬತ್ತರ ಮಗ್ಗಿಯಲ್ಲಿ ಬರುವ ಸಂಖ್ಯೆ. ಅಮೆರಿಕದ ರೇಡಿಯೋ ಹತ್ತರ ಮಗ್ಗಿಯಲ್ಲಿ ನಡೆಯುವಂಥದು. ಅಂಕಿ ತೋರಿಸುವ ಸೆಟ್ಟಿನಲ್ಲಿ 1080ರ ಮುಂದೆ 1090. ಮುಳ್ಳು ತಿರುಗಿಸುವ ಹಳೆಯ ಸೆಟ್ಟಿಗೆ ಈ ತೊಡಕೇ ಇರಲಿಲ್ಲ. ಬುದ್ಧಿವಂತಿಕೆ ಹೆಚ್ಚಿದ ಸೆಟ್ಟಿಗೆ ಹೊಂದಿಕೊಳ್ಳುವ ಗುಣ ಕಡಿಮೆಯಾಯಿತು.

ಜಪಾನಿನ ವಾಹನದ ಎಫ್. ಎಂ. ರೇಡಿಯೋ ಇದಕ್ಕಿಂತ ದೊಡ್ಡ ತೊಡಕು. ಆ ದೇಶದಲ್ಲಿ ಎಫ್. ಎಂ. ಪಟ್ಟಿ 76 ಮೆಗಾಹರ್ಟ್ಸ್‌ನಿಂದ ಮೊದಲಾಗುತ್ತದೆ, ಹಳೆಯ ಸೆಟ್ಟುಗಳಲ್ಲಿ 90ಕ್ಕೆ ಮುಗಿಯುತ್ತದೆ. ನಮ್ಮದು 88ರಿಂದ 108. ಮಂಗಳೂರು ಆಕಾಶವಾಣಿಯ 100.3 ಆ ರೇಡಿಯೋದ ಪಾಲಿಗೆ ಇಲ್ಲವೇ ಇಲ್ಲ. ಆಗ ಆಂಟೆನಾಕ್ಕೂ ರೇಡಿಯೋಗೂ ನಡುವೆ ಒಂದು ಪರಿವರ್ತಕವನ್ನು ಇಡುತ್ತಾರೆ. ಅದು ಬರುವ ತರಂಗವನ್ನು, 20 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ, ಕೆಳಕ್ಕೆ ಇಳಿಸುತ್ತದೆ. ಮಂಗಳೂರಿನ ಧ್ವನಿ ಆಗ 80.3ರಲ್ಲಿ ಕೇಳಿಸುತ್ತದೆ. ರೇಡಿಯೋದ ಒಳಗೆ ಕೈಹಾಕಿದ್ದಿಲ್ಲ, ಬಾಗಿಲಿನಲ್ಲಿ ಒಬ್ಬ ದುಭಾಷಿಯನ್ನು ನಿಲ್ಲಿಸಿದ್ದಷ್ಟೇ.

ಈ ದುಭಾಷಿಯ ನೀತಿಯೇ ವಿಹಾರಕ್ಕೆಂದು ಮಾಡಿದ ಮನೆವಾಹನಗಳಿಗೂ ಸಲ್ಲುತ್ತದೆ. ಒಳಗೇ ಹಾಸಿಗೆ, ಒಲೆ, ತಂಪುಪೆಟ್ಟಿಗೆಗಳಿರುವ ಇಂಥ ಗಾಡಿಗಳಲ್ಲಿ ಯೂರೋಪಿನಿಂದ ಇಸ್ತಾಂಬೂಲ್, ಟೆಹರಾನ್, ಕಾಬೂಲ್ ಮಾರ್ಗವಾಗಿ ಗೋವೆಯ ಕಡೆಗೆ ಯಾತ್ರಿಕರು ಬರುತ್ತಿದ್ದರು. 1979ರ ಇರಾನ್, ಆಫ್ಘಾನಿಸ್ತಾನಗಳ ಕ್ಷೋಭೆ ಆ ದಾರಿಯನ್ನು ಮುಚ್ಚಿತು. ಇಂದಿಗೂ ‘ಕಾರ್ನೆ’ ಎಂಬ ಸುಂಕದ ರಹದಾರಿಯ ಮೇಲೆ ಅಂಥ ವಾಹನವನ್ನು ಆರು ತಿಂಗಳ ಮಟ್ಟಿಗೆ ತರಬಹುದು. ಗೋವೆಯಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ ಮಂಗಳೂರನ್ನು ಹಾಯುತ್ತದೆ. ಅಲ್ಲಿಂದ ಒಂದು ದಾರಿ ಮೂಡಬಿದಿರೆಗೆ, ಇನ್ನೊಂದು ಬಂಟವಾಳ, ಬೆಳ್ತಂಗಡಿಗಳ ಮೂಲಕ ಚಾರ್ಮಾಡಿಗೆ. ಅಮೆರಿಕದ ಮನೆವಾಹನ ನಿಂತಲ್ಲಿ ಹೊರಗಿನಿಂದ ಪಡೆಯುವ ವಿದ್ಯುತ್ತು 120 ವೋಲ್ಟು, 60 ಆವರ್ತದ್ದು. ನಮ್ಮದು 230 ವೋಲ್ಟು, 50 ಆವರ್ತ. 120ರ ಒಲೆಗೆ 230 ಕೊಟ್ಟರೆ ಶಾಖ ಮೂರೂವರೆ ಪಟ್ಟಿಗಿಂತ ಹೆಚ್ಚು, ಪರಿಣಾಮ ಬೆಂಕಿ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸೀತು, ಆವರ್ತವನ್ನು ಬದಲಿಸಲಾರದು. 60ಕ್ಕೆಂದು ಮಾಡಿದ ಗಡಿಯಾರ 50ರಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಮೋಟಾರು ನಿಧಾನವಾಗುತ್ತದೆ, ಸುರುಳಿ ಬಿಸಿಯಾಗುತ್ತದೆ.

ಇದು ನಮ್ಮವರಿಗೆ ಹೊಸ ಪಾಠವಲ್ಲ. 1970ರ ದಶಕದಿಂದ ಈ ಜಿಲ್ಲೆಯ ಮಂದಿ ಕೊಲ್ಲಿ ದೇಶಗಳಿಗೆ ಹೋಗಿ ಟೇಪ್ ರೆಕಾರ್ಡರು, ಮಿಕ್ಸಿಗಳನ್ನು ತಂದರು. ದುಬೈ, ಕುವೈತಿನ ವಿದ್ಯುತ್ತು ಹೆಚ್ಚುಕಡಮೆ ನಮ್ಮಂಥದೇ. ಸೌದಿ ಅರೇಬಿಯದಲ್ಲಿ ಮಾತ್ರ ಬಹುಕಾಲ ಮನೆಗಳಿಗೆ 127 ವೋಲ್ಟು, 60 ಆವರ್ತ. ಎರಡೂ ಮನೆಯ ಪೆಟ್ಟಿಗೆಗಳು ನೋಡುವುದಕ್ಕೆ ಒಂದೇ. ಹಿಂಬದಿಯ ಸಣ್ಣ ಅಕ್ಷರವನ್ನು ಓದದೆ ಚುಚ್ಚಿದವನಿಗೆ ಮಾತ್ರ ಭೇದ ತಿಳಿಯುತ್ತಿತ್ತು. ಮನೆವಾಹನದ ವಿಷಯದಲ್ಲಿ ವಿವೇಕದ ದಾರಿ ಇಷ್ಟು: ಅದರ ಹೃದಯ 12 ವೋಲ್ಟಿನ ಬ್ಯಾಟರಿ, ಅದಕ್ಕೆ ದೇಶವಿಲ್ಲ. ದೀಪ, ಪಂಪು, ಫ್ಯಾನುಗಳು ಅದರಿಂದಲೇ ನಡೆಯುತ್ತವೆ. ಆದುದರಿಂದ 230 ವೋಲ್ಟು, 50 ಆವರ್ತವನ್ನು ಸ್ವೀಕರಿಸಿ ಬ್ಯಾಟರಿಗೆ ಚಾರ್ಜು ಕೊಡುವ ಯಂತ್ರವೊಂದನ್ನು ಬಾಗಿಲಲ್ಲಿ ಕೂಡಿಸಿ, ಒಳಗಿನ 120 ವೋಲ್ಟಿನ ಸಾಮಾನನ್ನು ಬ್ಯಾಟರಿಯಿಂದಲೇ ಇನ್ವರ್ಟರಿನ ಮೂಲಕ ನಡೆಸಿದರೆ ಸಾಕು. ಮೂರನೆಯ ತಂತಿಯನ್ನು, ಅಂದರೆ ನೆಲದ ಅರ್ತನ್ನು, ಎಂದೂ ಬಿಡಕೂಡದು; ಕಬ್ಬಿಣದ ಮೈಯ ಮನೆ ಮಳೆಯಲ್ಲಿ ನಿಂತಿರುವಾಗ ಅದೊಂದೇ ಕಾವಲು. ಹೆಡ್‌ಲೈಟನ್ನೂ ಮರೆಯಬಾರದು. ಬಲಬದಿಯ ಸಂಚಾರದ ದೇಶದ ದೀಪ ತನ್ನ ಬೆಳಕನ್ನು ಬಲಕ್ಕೆ ಎತ್ತಿ ಚೆಲ್ಲುತ್ತದೆ. ನಮ್ಮಲ್ಲಿ ಅದು ಎದುರಿನಿಂದ ಬರುವವನ ಕಣ್ಣಿಗೇ. ಹೊಸ ವಾಹನವನ್ನು ಆಮದು ಮಾಡುವ ನಿಯಮಗಳು ಬಲಗೈ ಚಕ್ರ, ಕಿಲೋಮೀಟರಿನ ವೇಗಸೂಚಿಗಳೊಡನೆ ಎಡಸಂಚಾರಕ್ಕೆ ತಕ್ಕ ಹೆಡ್‌ಲೈಟನ್ನೂ ಕೇಳುವುದು ಈ ಕಾರಣಕ್ಕೇ.

ಇಲ್ಲಿಯವರೆಗೆ ಹೇಳಿದ ಎಲ್ಲ ತಿದ್ದುಪಾಟುಗಳಲ್ಲಿ ಒಂದು ಸಾಮಾನ್ಯ ಗುಣವಿದೆ. ತಂತಿ ಕಣ್ಣಿಗೆ ಕಾಣುತ್ತಿತ್ತು. ಕಾಯಿಲೆಯನ್ನು ಬೆರಳಿನಿಂದ ಮುಟ್ಟಬಹುದಿತ್ತು. ಇಂದಿನ ವಾಹನದಲ್ಲಿ ಕಿಡಿಯ ಹೊತ್ತು, ದೀಪದ ಕೋನ, ಬಾಗಿಲಿನ ಬೀಗ ಎಲ್ಲವೂ ಮುಚ್ಚಿದ ಪೆಟ್ಟಿಗೆಗಳೊಳಗಿನ ಗಣಕಗಳ ಕೈಯಲ್ಲಿವೆ. ಅವು ಒಂದನ್ನೊಂದು ಗುಪ್ತಸಂಕೇತದಿಂದ ಗುರುತಿಸುತ್ತವೆ. ಒಂದು ಪೆಟ್ಟಿಗೆ ಕೆಟ್ಟು ಅಂಥದೇ ಇನ್ನೊಂದನ್ನು ತಂದು ಕೂಡಿಸಿದರೂ, ತಯಾರಕನ ಅಪ್ಪಣೆಯಿಲ್ಲದೆ ಗಾಡಿ ಅದನ್ನು ತನ್ನದೆಂದು ಒಪ್ಪದಿರಬಹುದು. ಹೊಸ ತಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದರಿಂದ ಹೊಗೆ ಕಡಿಮೆಯಾಗಿದೆ, ಅಪಘಾತಗಳಿಂದ ರಕ್ಷಣೆ ಹೆಚ್ಚಿದೆ. ಆದರೆ ನೂರು ವರ್ಷ ಗ್ಯಾರೇಜಿನ ಜಗಲಿಯಲ್ಲಿ ಬೆಳೆದ ವಿದ್ಯೆಗೆ ಬಾಗಿಲು ಮುಚ್ಚಿದರೆ ನಷ್ಟ ಮೇಸ್ತ್ರಿಯೊಬ್ಬನದಲ್ಲ. ಘಟ್ಟದ ಬುಡದಲ್ಲಿ ರಾತ್ರಿ ನಿಂತ ಗಾಡಿಗೆ ಹತ್ತಿರದ ಪೇಟೆಯ ಕೈ ಒದಗುವುದೋ, ದೂರದ ನಗರದ ಅಪ್ಪಣೆಗಾಗಿ ಕಾಯಬೇಕೋ ಎಂಬುದು ಪ್ರಶ್ನೆ. 2022ರಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕಿನ’ ವಿಚಾರವನ್ನು ಕೈಗೆತ್ತಿಕೊಂಡು, ತಯಾರಕರು ದುರಸ್ತಿಯ ವಿವರಗಳನ್ನು ಜನರಿಗೆ ತಿಳಿಸುವ ಏರ್ಪಾಡೊಂದನ್ನು ಆರಂಭಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ.

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು ಹಳೆಯ ಕಾರುಗಳ ಸಂಗ್ರಹವೊಂದನ್ನು ಬೆಳೆಸಿದ್ದಾರೆ. ಯಾತ್ರೆಗೆ ಹೋದವರು ಮಂಜೂಷಾ ವಸ್ತುಸಂಗ್ರಹಾಲಯದೊಡನೆ ಅದನ್ನೂ ನೋಡಿ ಬರುವುದುಂಟು. ಕಾರುಗಳ ಹೊಳೆಯುವ ಬಣ್ಣವನ್ನು ಮೆಚ್ಚಿ ಮುಂದಕ್ಕೆ ಹೋಗುವುದು ಸಹಜ. ಮುಂದಿನ ಸಲ ಹೋದವರು ಮಕ್ಕಳಿಗೆ ದೀಪಗಳನ್ನು ತೋರಿಸಲಿ. ಎಣ್ಣೆಯ ದೀಪ ಎಲ್ಲಿ ಮುಗಿದು ವಿದ್ಯುತ್ತಿನದು ಎಲ್ಲಿ ಮೊದಲಾಯಿತು, ಚಕ್ರ ಯಾವ ಕಡೆಗಿದೆ, ಹ್ಯಾಂಡಲಿನ ತೂತು ಯಾವ ಗಾಡಿಯಲ್ಲಿ ಇನ್ನೂ ಉಳಿದಿದೆ ಎಂದು ಕೇಳಲಿ. ಪರದೇಶದ ಗಾಡಿಯನ್ನು ಕೊಂಡವರ ಹೆಸರು ದಾಖಲೆಗಳಲ್ಲಿ ಉಳಿಯುತ್ತದೆ. ಅದನ್ನು ನಮ್ಮ ಮಳೆಗೂ ನಮ್ಮ ದಾರಿಗೂ ಪಳಗಿಸಿದವರ ಹೆಸರು ಎಲ್ಲಿಯೂ ಇಲ್ಲ. ಅವರ ವಿದ್ಯೆಯನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.